ಮೂರು ದಾರಿ ಕೂಡುವಲ್ಲಿ

ಕಚೇರಿಯ ಗೋಡೆಯ ಮೇಲೆ ನಗರ ಮತ್ತೆ ಹಳದಿಯಾಗಿತ್ತು. ಕೈಯಲ್ಲಿದ್ದ ಚಹಾದ ಕಪ್ಪನ್ನು ನಾನು ಮೇಜಿನ ಮೇಲೆ ಕುಕ್ಕಿದೆ. ಸಂಪಿಗೆಹಾಳದ ಪ್ರತಿ ಓಣಿಯ ಸಣ್ಣ ಪಾರ್ಕಿನಿಂದ ಮುಂದಿನ ಓಣಿಯ ಪಾರ್ಕಿಗೆ, ಅಲ್ಲಿಂದ ಕೆರೆಯ ಏರಿಗೆ, ಏರಿಯಿಂದ ಗುಡ್ಡಕ್ಕೆ, ಎಲ್ಲಿಯೂ ವಾಹನದ ರಸ್ತೆ ದಾಟದೆ ಊರನ್ನೆಲ್ಲ ನಡೆದು ಸುತ್ತಬಹುದಾದ ಹಸಿರು ಹುಲ್ಲಿನ ಹಾದಿಗಳ ಜಾಲ ನಮ್ಮದು. ಅದನ್ನು ಹೆಣೆಯುವುದರಲ್ಲಿ ನನ್ನ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಗೋಡೆಯಷ್ಟಗಲದ ಆ ನಕ್ಷೆಯಲ್ಲಿ ಹಾದಿಗಳೇನೋ ಹಸಿರಾಗಿಯೇ ಇದ್ದವು. ಅವು ಒಂದನ್ನೊಂದು ಕೂಡುವ ಜಾಗಗಳು ಮಾತ್ರ ಒಂದಾದ ಮೇಲೊಂದು ಹಳದಿಗೆ ತಿರುಗುತ್ತಿದ್ದವು.

"ಹುಲ್ಲಿಗೆ ರೋಗ ಏನರ ಐತೇನ?" ಎಂದು ಕೇಳಿದೆ.

"ರೋಗ ಇಲ್ರಿ ಅಕ್ಕಾರ. ಮಣ್ಣ ತಂದು ನೋಡೇನಿ, ಬೇರ ಕಿತ್ತು ನೋಡೇನಿ. ಎಲ್ಲಾ ಛಲೋ ಐತಿ," ಎಂದಳು ಫರ್ಜಾನಾ. ಹುಲ್ಲಿನ ವಿಜ್ಞಾನಿ ಅವಳು. ಈ ತಳಿಯನ್ನು ಮಗುವಿನ ಹಾಗೆ ಬೆಳೆಸಿದವಳು. "ಮಂದಿ ಹಾದಿ ಮ್ಯಾಲ ಬರ್ತಾರ. ಕೂಡೋ ಜಾಗಕ್ಕ ಬಂದ ಕೂಡ್ಲೆ ಮಾಯ ಆಗ್ತಾರ. ಆ ಕಡಿಗೆ ಮತ್ತ ಕಾಣಸ್ತಾರ. ನಡುವ ಏನ ಹಾರಿ ಹೊಕ್ಕಾರೋ ಏನೋ!"

ಸಾಮಾನ್ಯ ಹುಲ್ಲು ತುಳಿದರೆ ಸಾಯುತ್ತದೆ. ಫರ್ಜಾನಾಳ ನಡೆಹುಲ್ಲು ತುಳಿದರೆ ಗಟ್ಟಿಯಾಗುತ್ತದೆ. ಅದರ ಬೇರಿನ ಜೊತೆಗೆ ಕೂದಲಿನಷ್ಟು ಸಣ್ಣ ಎಳೆಗಳನ್ನು ಹಾಸಿದ್ದೇವೆ. ಮೇಲೆ ಬಿದ್ದ ಹೆಜ್ಜೆಯ ಭಾರವನ್ನು ಅವು ನಮಗೆ ತಿಳಿಸುತ್ತವೆ. ಊರಿಗೆ ಕುಡಿಯಲು ಬಿಟ್ಟು ಮಿಕ್ಕ ಅಷ್ಟಿಷ್ಟು ನೀರನ್ನು ಹಾದಿಗಳಿಗೆ ಹಂಚುವುದು ಒಂದು ಯಂತ್ರದ ಕೆಲಸ. ಅದಕ್ಕೆ ನಾವಿಟ್ಟ ಹೆಸರು ನೀರಗಂಟಿ. ಹೆಜ್ಜೆ ಬಿದ್ದ ಕಡೆ ಅದು ನೀರು ಬಿಡುತ್ತದೆ, ಹೆಜ್ಜೆ ಕಡಿಮೆಯಾದ ಜಾಗವನ್ನು ನಕ್ಷೆಯಲ್ಲಿ ಹಳದಿ ಮಾಡುತ್ತದೆ, ವಾರವಿಡೀ ಹಾಗೆಯೇ ಉಳಿದರೆ ನೀರು ನಿಲ್ಲಿಸುತ್ತದೆ. ಅಲ್ಲಿನ ಹುಲ್ಲು ಒಣಗಿದ ಮೇಲೆ ಅದೇ ನೀರಿನಲ್ಲಿ ಪಕ್ಕದಲ್ಲೆಲ್ಲೋ ಹೊಸ ಹಾದಿ ಎಬ್ಬಿಸುತ್ತದೆ. ಜನ ಎಲ್ಲಿ ನಡೆಯುತ್ತಾರೋ ಅಲ್ಲಿ ದಾರಿ. ಕೇಳಲು ಎಷ್ಟು ಚೆಂದ!

ನೀರು ಕಡಿಮೆ ಇರುವಲ್ಲಿ ಹಾದಿಯೂ ಆದಷ್ಟು ಗಿಡ್ಡವಾಗಿರಬೇಕು. ಹತ್ತಾರು ಪಾರ್ಕುಗಳನ್ನು ಅತಿ ಕಡಿಮೆ ಉದ್ದದಲ್ಲಿ ಜೋಡಿಸಲು ಹೊರಟರೆ, ಗಣಿತ ನಿಮ್ಮನ್ನು ಮತ್ತೆ ಮತ್ತೆ ಒಂದೇ ಆಕಾರಕ್ಕೆ ತಂದು ನಿಲ್ಲಿಸುತ್ತದೆ: ಮೂರು ದಾರಿಗಳು ಸಮ ಕೋನದಲ್ಲಿ ಬಂದು ಕೂಡುವ ಗಂಟು. ಸಾಬೂನಿನ ನೊರೆಯಲ್ಲೂ ಗುಳ್ಳೆಯ ಗೋಡೆಗಳು ಹೀಗೆಯೇ ಮೂರು ಮೂರಾಗಿ ಕೂಡುತ್ತವೆ. ಆದ್ದರಿಂದ ನಮ್ಮ ಜಾಲದ ತುಂಬ ಮೂರುದಾರಿಗಳು. ಅವೇ ಈಗ ಸಾಯುತ್ತಿದ್ದವು.

ಮರುದಿನ ಬೆಳಿಗ್ಗೆ ಇಬ್ಬರೂ ಕೆರೆಯ ಬದಿಯ ಒಂದು ಮೂರುದಾರಿಗೆ ಹೋದೆವು. ಬಾಡಿದ ಹುಲ್ಲಿನ ಮೇಲೆ ಕುಯ್ದು ಕುಂಕುಮ ಸವರಿದ ನಿಂಬೆಹಣ್ಣುಗಳು, ಉಪ್ಪು, ಒಣಮೆಣಸಿನಕಾಯಿ, ಇದ್ದಿಲ ಚೂರು. ನಿನ್ನೆಯದು, ಮೊನ್ನೆಯದು, ಅದಕ್ಕೂ ಹಿಂದಿನದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನದರು, ಅಂದರೆ ಕೆಟ್ಟ ದೃಷ್ಟಿ, ನಿವಾಳಿಸಿ ತೆಗೆದದ್ದನ್ನು ಮೂರು ದಾರಿ ಕೂಡಿದಲ್ಲಿ ಒಗೆಯುತ್ತಾರೆ, ಅದನ್ನು ಯಾರೂ ದಾಟುವುದಿಲ್ಲ ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಗಣಿತದ ಮಾತು ಕೇಳಿ, ಒಂದು ಇಡೀ ಊರಿಗೆ ನೂರಾರು ಹೊಸ ಮೂರುದಾರಿಗಳನ್ನು ಮಾಡಿ ಕೊಟ್ಟವರು ನಾವು. ಒಬ್ಬರಿಗಾದರೂ ಹೊಳೆಯಬಾರದೇ? ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಕಚೇರಿಗೆ ಬಂದು ಆ ಜಾಗದ ಬೆಳಗಿನ ದಾಖಲೆ ತೆರೆದೆವು. ಇಬ್ಬರು ಜೊತೆಯಾಗಿ ಹಾದಿಯ ಮೇಲೆ ಬಂದಿದ್ದರು, ಗಂಟಿನ ಹತ್ತಿರ ಮಾಯವಾಗಿ ಆಚೆ ಬದಿಯಲ್ಲಿ ಮತ್ತೆ ಕಾಣಿಸಿಕೊಂಡಿದ್ದರು.

"ಇವ್ರ್ಯಾರ ಇಬ್ರು? ಇಷ್ಟು ಮುಂಜಾನೆ ಬಂದಾರಲ್ಲ," ಎಂದೆ.

ಫರ್ಜಾನಾ ದಾಖಲೆಯಲ್ಲಿದ್ದ ಗಂಟೆಯ ಮೇಲೆ ಬೆರಳಿಟ್ಟು, "ನಾವ ಅಲ್ಲೇನ್ರಿ ಅಕ್ಕಾರ," ಎಂದಳು.

ಸುತ್ತು ಹಾಕಿ ಹೋದದ್ದು ಇಬ್ಬರ ಗಮನಕ್ಕೂ ಬಂದಿರಲಿಲ್ಲ. ಕಾಲು ತಾನೇ ಪಕ್ಕಕ್ಕೆ ಸರಿದಿತ್ತು.

ಈ ಹಾದಿಗಳ ಮೇಲೆ ನನಗೆ ಕಚೇರಿಯ ಕೆಲಸಕ್ಕಿಂತ ದೊಡ್ಡ ಆಸೆ ಇತ್ತು. ಅದನ್ನೂ ಹೇಳಿಬಿಡುತ್ತೇನೆ. ನನ್ನ ಗಂಡ ಚನ್ನವೀರ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಮೈಕಿನಲ್ಲಿ ಅವರ ದನಿ ಕೇಳಿದರೆ ಓಡುವವರೂ ನಿಂತು ಕೇಳುತ್ತಿದ್ದರು. ಕಾಚಬಿಂದು ಎಂಬ ರೋಗ ಎರಡೂ ಕಣ್ಣುಗಳನ್ನು ತಿಂದುಹಾಕಿತು. ಆಮೇಲೆ ಅವರು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆಂದರೆ ಸಿಟ್ಟು. ನಮ್ಮ ಓಣಿಗೆ ನಡೆಹುಲ್ಲು ಬಂದ ಮೇಲೆ ಒಂದು ಸಂಜೆ ತಾವಾಗಿಯೇ ಚಪ್ಪಲಿ ಬಿಟ್ಟು ಬಾಗಿಲಾಚೆ ಇಳಿದರು. ಹಾದಿಯ ಮೇಲೆ ಕಾಲಿಗೆ ಮೆತ್ತಗೆ, ಹಾದಿ ಬಿಟ್ಟರೆ ಒರಟು ಕಲ್ಲು. ಕೋಲು ಕೈಯಲ್ಲಿದ್ದರೂ ಅಂಗಾಲನ್ನೇ ನಂಬಿ ನಡೆದರು. ಮೂರುದಾರಿಯಲ್ಲಿ ನಾನು ಹಿಂದಿನಿಂದ ಕೂಗಿ ಹೇಳಿದ್ದಕ್ಕೆ ಎಡಕ್ಕೆ ಹೊರಳಿ ಬನ್ನಿಗಿಡದ ಪಾರ್ಕು ಮುಟ್ಟಿದರು. ಅಂದಿನಿಂದ ದಿನಾ ಸಂಜೆ ಒಬ್ಬರೇ ಹೋಗಿ, ಅಲ್ಲಿನ ಕಲ್ಲುಬೆಂಚಿನ ಗೆಳೆಯರಿಗೆ ಇಲ್ಲದ ಬಸ್ಸುಗಳ ಹೊತ್ತು ಸಾರಿ, ನಗಿಸಿ ಬರುತ್ತಾರೆ. ನನ್ನ ಗಂಡ ನನಗೆ ಮರಳಿ ಸಿಕ್ಕಿದ್ದು ಆ ಹಾದಿಯಿಂದ.

ಹೀಗಾಗಿ ಕಚೇರಿಯಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಮೊದಲು ಬೋರ್ಡು ಹಾಕಿಸಿದೆವು: 'ನಿವಾಳಿಸಿದ ವಸ್ತುಗಳನ್ನು ಇಲ್ಲಿ ಒಗೆಯಬಾರದು.' ಜಾಗ ಎಲ್ಲಿದೆ ಎಂದು ತಿಳಿಯದವರಿಗೂ ಇದರಿಂದ ತಿಳಿಯಿತು. ಬೋರ್ಡಿನ ಬುಡದಲ್ಲೇ ರಾಶಿ ಬಿತ್ತು. ನೀರಗಂಟಿ ತನ್ನ ಪಾಡಿಗೆ ತಾನು ಸತ್ತ ಗಂಟನ್ನು ಬಿಟ್ಟು ಪಕ್ಕದಲ್ಲಿ ಹೊಸ ಗಂಟು ಎಬ್ಬಿಸಿತು. ಹೊಸ ಮೂರುದಾರಿಗೆ ಶಕ್ತಿ ಜಾಸ್ತಿ ಎಂದು ಜನ ಆಟೋ ಮಾಡಿಕೊಂಡು ಬಂದು ಒಗೆದು ಹೋದರು!

ಕೊನೆಗೆ ನಮ್ಮ ಮುಖ್ಯಸ್ಥರಾದ ಹಂಚಿನಮನಿ ಸಾಹೇಬರ ಮುಂದೆ ಹೊಸ ನಕ್ಷೆ ಹರಡಿದೆ. ಗಂಟುಗಳನ್ನೆಲ್ಲ ನಾಲ್ಕು ದಾರಿ ಕೂಡುವ ಹಾಗೆ ತಿದ್ದಿದ್ದೆ.

"ಉದ್ದ ಎಷ್ಟ ಹೆಚ್ಚಾತು?"

"ಸ್ವಲ್ಪ ಹೆಚ್ಚಾಗತೈತ್ರಿ ಸರ್."

"ನೀರ ಎಲ್ಲಿಂದ ತರ್ತೀರಿ? ನಿಮ್ಮ ಮನಿ ಬಾವಿಯಿಂದ?" ಸಾಹೇಬರು ನಕ್ಷೆಯನ್ನು ಸುತ್ತಿ ನನ್ನ ಕೈಗೇ ಕೊಟ್ಟರು. "ನೀಲಾಂಬಿಕಾ ಮೇಡಂ, ಹಾದಿ ಯಾಕ ಬದಲಾಗಬೇಕ್ರಿ? ಮಂದಿ ಬದಲಾಗ್ತಾರ. ಟೈಮ್ ಕೊಡ್ರಿ."

ಆ ಟೈಮ್ ನಮಗಿರಲಿಲ್ಲ. ಸೋಮವಾರ ಬೆಳಿಗ್ಗೆ ಗೋಡೆಯ ಮೇಲೆ ನಮ್ಮ ಓಣಿಯ ಮೂರುದಾರಿಯೇ ಹಳದಿಯಾಗಿತ್ತು. ಹತ್ತಿರ ಮಾಡಿ ನೋಡಿದೆ. ಜಾಗದ ನಟ್ಟನಡುವೆ ದಾಟುತ್ತಿದ್ದ ಹೆಜ್ಜೆಗಳು ಒಬ್ಬರವೇ, ಸಂಜೆಗೊಮ್ಮೆ ಹೋಗಿ ಬರುವ, ನಿಧಾನದ, ಸಮನಾದ ಹೆಜ್ಜೆಗಳು. ಅವು ಯಾರವೆಂದು ನನಗೆ ಯಂತ್ರ ಹೇಳಬೇಕಾಗಿರಲಿಲ್ಲ. ಉಳಿದವರೆಲ್ಲ ಸುತ್ತು ಹಾಕುತ್ತಿದ್ದರು. ಒಬ್ಬರ ಹೆಜ್ಜೆಯ ಭಾರ ನೀರಗಂಟಿಗೆ ಸಾಲದು. ಬರುವ ವಾರ ನೀರು ನಿಲ್ಲುತ್ತದೆ. ಹಾದಿ ಇನ್ನೆಲ್ಲೋ ಏಳುತ್ತದೆ. ಅಲ್ಲಿಯೂ ನಿಂಬೆಹಣ್ಣು ಬಿದ್ದು ಮತ್ತೆ ಸರಿಯುತ್ತದೆ. ಕಣ್ಣಿದ್ದವರಿಗೆ ಅದರಿಂದ ನಷ್ಟವಿಲ್ಲ. ಕಾಲಿನಲ್ಲಿ ದಾರಿ ಕಲಿತವರು ಎಷ್ಟು ಸಲ ಹೊಸದಾಗಿ ಕಲಿಯಬೇಕು? ಇವರು ಮತ್ತೆ ಆ ಕುರ್ಚಿಗೆ ಹೋಗಿ ಕೂರುತ್ತಾರೆ, ಈ ಸಲ ಏಳುವುದಿಲ್ಲ.

ಸಾಹೇಬರನ್ನು ಕೇಳಿಯೂ ನೋಡಿದೆ. "ನಿಮ್ಮ ಮನಿ ಮುಂದಿನ ಹಾದಿಗೆ ಸ್ಪೆಷಲ್ ನೀರ ಬಿಟ್ರ ಪೇಪರಿನವ್ರು ಸುಮ್ನ ಬಿಡ್ತಾರೇನ್ರಿ?" ಎಂದರು. ಆ ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆ ಸಂಜೆ ಬೇಗ ಮನೆಗೆ ಬಂದೆ. ಹೊಸ್ತಿಲ ಮುಂದೆ ಇವರನ್ನು ಕೂರಿಸಿಕೊಂಡು ನಮ್ಮ ಅತ್ತೆ ಶಿವಗಂಗವ್ವ ಉಪ್ಪು, ಮೆಣಸಿನಕಾಯಿ, ನಿಂಬೆಹಣ್ಣು ಮುಷ್ಟಿಯಲ್ಲಿ ಹಿಡಿದು ನಿವಾಳಿಸುತ್ತಿದ್ದರು. "ಬಂದವರ ಕಣ್ಣು, ಹೋದವರ ಕಣ್ಣು, ಎದುರುಮನಿ ಕಾಶವ್ವನ ಕಣ್ಣು..." ಮುಗಿಸಿ, ನೋಯುವ ಎಡ ಮೊಣಕಾಲನ್ನು ಎಳೆಯುತ್ತ ಹೊರಗೆ ಹೋದರು. ಎಲ್ಲಿಗೆಂದು ಕಿಟಕಿಯಿಂದ ನೋಡಿದೆ. ನೇರ ಮೂರುದಾರಿಗೆ.

ಅವರು ಒಳಗೆ ಬರುವ ತನಕವೂ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲೇ ಕೇಳಿದೆ. "ಅತ್ತಿ, ಎಷ್ಟ ದಿನದಿಂದ ಅಲ್ಲಿ ಒಗ್ಯಾಕತ್ತೀರಿ?"

"ಇಂವಾ ಅಡ್ಡಾಡಾಕ ಹತ್ತಿದಾಗಿಂದ. ಕಣ್ಣಿಲ್ಲದಿದ್ರೂ ಎಷ್ಟ ಛಂದ ನಡೀತಾನಲ್ಲ ನಿಮ್ಮ ಮಗ ಅಂತ ಕಾಶವ್ವ ನಾಕ ಮಂದ್ಯಾಗ ಅಂದ್ಲು. ನದರ ಹತ್ತಂಗಿಲ್ಲೇನ? ಮದಲಾದ್ರ ಒಲಿಗೆ ಹಾಕ್ತಿದ್ವಿ. ಈಗ ಒಲಿ ಎಲ್ಲೈತಿ ಮನ್ಯಾಗ? ನಿನ್ನ ಕರೆಂಟಿನ ತಾಟಿನ ಮ್ಯಾಲ ಮೆಣಸಿನಕಾಯಿ ಸುಡಲೇನ?"

ಬೆಂಕಿಯಿಲ್ಲದ ಅಡುಗೆಮನೆಗಳು ಬಂದದ್ದು ನಮ್ಮ ಜಾಲಕ್ಕಿಂತ ಸ್ವಲ್ಪ ಮುಂಚೆ. ಊರಿನ ಒಲೆಗಳಿಗೆ ಬೀಳಬೇಕಾದದ್ದೆಲ್ಲ ಏಕೆ ನಮ್ಮ ಹಾದಿಗೆ ಬಂತೆಂದು ಆಗ ತಿಳಿಯಿತು. ಆದರೆ ನನಗಾಗ ಬೇಕಿದ್ದದ್ದು ತಿಳಿವಳಿಕೆಯಲ್ಲ. ಬಾಯಿಗೆ ಬಂದದ್ದನ್ನು ಅಂದೆ.

"ನೀವು ಒಗದದ್ದಕ್ಕ ಮಂದಿ ಅಲ್ಲಿ ಕಾಲಿಡವಲ್ರು. ಬರೋ ವಾರ ಆ ಹಾದಿ ಸಾಯ್ತೈತಿ. ನಿಮ್ಮ ಮಗ ಮತ್ತ ಮನ್ಯಾಗ! ಇನ್ನೊಂದ ಕೇಳ್ರಿ, ನೀವು ತಗದ ಒಗದದ್ದನ್ನ ದಿನಾ ತುಳದು ಹೋಗಾಂವ ಒಬ್ಬನ, ನಿಮ್ಮ ಮಗ."

ಅತ್ತೆಯ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಗೋಡೆ ಹಿಡಿದು ಅಲ್ಲೇ ಕುಳಿತರು. ಇವರು ಒಳಗಿನಿಂದ, "ನೀಲಾ, ಸಾಕ," ಎಂದರು. ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಪೊರಕೆ, ಕೊಡ ಹಿಡಿದುಕೊಂಡು ಮೂರುದಾರಿಯಲ್ಲಿದ್ದರು. ತಮ್ಮದು, ಮಂದಿಯದು ಎನ್ನದೆ ಎಲ್ಲವನ್ನೂ ಗುಡಿಸಿ, ನೀರು ಹೊಯ್ದು ತೊಳೆದರು. ಓಣಿಯ ಹೆಂಗಸರು ಕದದ ಸಂದಿಯಿಂದ ನೋಡುತ್ತಿದ್ದರು. ಒಂದು ಕೆಲಸವಾಯಿತಲ್ಲ ಎಂದು ನನಗೆ ಸಮಾಧಾನ. ಇನ್ನೇನು, ಜನ ನಡೆಯುತ್ತಾರೆ, ಹಾದಿ ಉಳಿಯುತ್ತದೆ.

ಆ ಸಂಜೆ ಇವರು ಮನೆಗೆ ಬರಲಿಲ್ಲ.

ಪಾರ್ಕಿಗೆ ಓಡಿದೆ. ಬೆಂಚಿನ ಗೆಳೆಯರು, ಇವತ್ತು ಬಂದೇ ಇಲ್ಲ ಎಂದರು. ಫರ್ಜಾನಾಗೆ ಫೋನು ಮಾಡಿದೆ. ಅವಳು ಗೋಡೆ ನೋಡಿ, "ಅಕ್ಕಾರ, ಎಡಕ್ಕ ಹೊಳ್ಳಿಲ್ರಿ, ಬಲಕ್ಕ ಹೋಗ್ಯಾರ. ಕಲ್ಲಗಣಿ ಕಡೆ. ಲಗೂನ ಹೋಗ್ರಿ!" ಎಂದಳು. ಕಲ್ಲುಗಣಿಯ ಕಡೆಯ ಹಾದಿ ಅರ್ಧಕ್ಕೇ ಸತ್ತು ಹೋಗಿತ್ತು. ಅಲ್ಲಿಂದ ಮುಂದೆ ಜಾಲಿಯ ಪೊದೆ, ಅದರಾಚೆ ನೀರು ತುಂಬಿದ ಹಳೆಯ ಗಣಿ. ಪೊದೆಯ ನಡುವೆ ಇವರು ಅಲುಗಾಡದೆ ನಿಂತಿದ್ದರು. ಅಂಗಾಲಿನ ತುಂಬ ಮುಳ್ಳು. ಗಣಿಯ ಅಂಚು ಕೋಲಿನ ಅಳತೆಯಲ್ಲೇ ಇತ್ತು.

ಕೈ ಹಿಡಿದೆ. ಈ ಸಲ ಅವರು ಬಿಡಿಸಿಕೊಳ್ಳಲಿಲ್ಲ.

"ಹೊಳ್ಳೂ ಜಾಗ ಬರಲೇ ಇಲ್ಲ ನೀಲಾ. ನಿಂಬಿ ವಾಸನಿ ಬರಲಿಲ್ಲ."

"ಯಾವ ನಿಂಬಿ ವಾಸನಿ?"

"ಅಲ್ಲಿ ಯಾರ ಮನ್ಯಾಗೋ ನಿಂಬಿಗಿಡ ಐತೆಲ್ಲ? ವಾಸನಿ ಮೂಗಿಗೆ ಬಡದ ಕೂಡ್ಲೆ ಎಡಕ್ಕ ಹೊಳ್ಳತಿದ್ದೆ. ಇವತ್ತ ಕಡದ ಹಾಕ್ಯಾರೋ ಏನೋ."

ನಾನು ಅಲ್ಲಿಯೇ, ಮುಳ್ಳಿನಲ್ಲಿ ಕುಳಿತುಬಿಟ್ಟೆ. ನಾಲ್ಕು ದಾರಿ ಚೌಕಾಗಿ ಕೂಡಿದ್ದರೆ ತಿರುವು ಕಾಲಿಗೆ ತಿಳಿಯುತ್ತದೆ. ನಮ್ಮ ಗಣಿತದ ಮೂರುದಾರಿಯಲ್ಲಿ ಎಡವೂ ಬಲವೂ ಒಂದೇ ಥರ ಮೆತ್ತಗೆ ಬಾಗಿ ಹೋಗುತ್ತವೆ. ಕಾಣದವರಿಗೆ ಎರಡೂ ಮುಂದೆ ಹೋಗುವ ಹಾದಿಯೇ. ಗಿಡದ ವಾಸನೆಯೆಂದು ಅವರು ನಂಬಿದ್ದರೂ, ಅತ್ತೆ ಒಗೆದ ನಿಂಬೆಹಣ್ಣೇ ಈ ಮನುಷ್ಯನಿಗೆ ದಾರಿ ತೋರಿಸುತ್ತಿತ್ತು. ಅದೇ ನಿಂಬೆಹಣ್ಣು ಆ ದಾರಿಯನ್ನು ಕೊಲ್ಲುತ್ತಲೂ ಇತ್ತು. ಓದಿದ ಓದು, ಮಾಡಿದ ಲೆಕ್ಕ, ಎಲ್ಲವನ್ನೂ ಆ ಗಣಿಗೆ ಎಸೆಯಬೇಕೆನಿಸಿತು.

ಮನೆಯಲ್ಲಿ ಅತ್ತೆ ಮಗನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಮುಳ್ಳು ತೆಗೆದರು. ನಿಂಬೆಯ ಕಥೆಯನ್ನೆಲ್ಲ ಕೇಳಿಸಿಕೊಂಡರು. ಕೊನೆಯ ಮುಳ್ಳು ಬಂದ ಮೇಲೆ ನನ್ನ ಕಡೆ ತಿರುಗಿದರು.

"ಆ ನಿನ್ನ ಮಷೀನಿಗೆ ಯಾರ ತುಳದ್ರು ಅಂತ ತಿಳೀತೈತೇನ?"

"ಇಲ್ರಿ. ಭಾರ ಅಷ್ಟ ತಿಳೀತೈತಿ."

"ಹಂಗಾರ ಒಬ್ಬಾಕಿನ ನೂರ ಸಲ ತುಳದ್ರೂ ಆತಲ್ಲ?"

ಇಷ್ಟು ಸಣ್ಣ ಪ್ರಶ್ನೆಯನ್ನು ನಮ್ಮ ಕಚೇರಿಯಲ್ಲಿ ಒಬ್ಬರೂ ಕೇಳಿಕೊಂಡಿರಲಿಲ್ಲ, ನಾನೂ ಸೇರಿ.

ಮರುದಿನ ಗೋಡೆಯ ಮುಂದೆ ಕುಳಿತಿದ್ದಾಗ ನಮ್ಮ ಓಣಿಯ ಹಳದಿ ಗಂಟಿನ ಮೇಲೆ ಹೆಜ್ಜೆಗಳು ಕಾಣಿಸಿದವು. ಸಣ್ಣ ಹೆಜ್ಜೆಗಳು, ಬಲಗಾಲಿನ ಮೇಲೆಯೇ ಭಾರ. ನಟ್ಟನಡುವೆ ದಾಟಿದವು, ತಿರುಗಿದವು, ಮತ್ತೆ ದಾಟಿದವು. ಜೀವಮಾನದಲ್ಲಿ ಒಮ್ಮೆಯೂ ನಿವಾಳಿಸಿದ್ದನ್ನು ದಾಟದ ಹೆಂಗಸು. ನಾನು ಬ್ಯಾಗು ತೆಗೆದುಕೊಂಡು ಎದ್ದೆ. "ಎಲ್ಲಿಗ್ರಿ ಅಕ್ಕಾರ?" ಎಂದಳು ಫರ್ಜಾನಾ. "ಸೈಟ್ ನೋಡಾಕ," ಎಂದೆ.

ಮೂರುದಾರಿಯಲ್ಲಿ ಅತ್ತೆ ಬರಿಗಾಲಲ್ಲಿ ಬೆವರುತ್ತ ನಡೆಯುತ್ತಿದ್ದರು. ಕುಯ್ದ ನಿಂಬೆ ಎರಡು, ತಾವೇ ತಂದು ಇಟ್ಟದ್ದು. ಯಾರದೋ ಮನೆಯ ಹೊಸ ಉಪ್ಪು, ಮೆಣಸಿನಕಾಯಿಯೂ ಅಲ್ಲೇ ಬಿದ್ದಿದ್ದವು. ನನ್ನ ಕಾಲು ಅಂಚಿನಲ್ಲಿ ನಿಂತಿತು.

"ನಡೀ ನಡೀ. ಇಂಜಿನಿಯರ್ ಅದೀ, ಅಂಜ್ತೀ ಏನ?"

"ನಿಮಗ ಅಂಜಿಕಿ ಇಲ್ಲೇನ್ರಿ?"

"ಐತಿ. ಅಂಜಕೋತನ ತುಳ್ಯಾಕತ್ತೇನಿ."

ತುಳಿದೆ. ನಿಂಬೆಹಣ್ಣು ಹಿಮ್ಮಡಿಯ ಕೆಳಗೆ ಪಚಕ್ಕೆಂದಿತು. ಏನೂ ಆಗಲಿಲ್ಲ, ಅಥವಾ ಆಗುವುದು ಇನ್ನೂ ಬಾಕಿ ಇರಬಹುದು. ನೆಮ್ಮದಿಯಿಂದ ಅಂತೂ ನಾನು ತುಳಿಯಲಿಲ್ಲ.

ಅಂದಿನಿಂದ ಇವರೂ ಸೇರಿ ಮೂವರೂ ದಿನಾ ಅಲ್ಲಿ ಗಾಣದೆತ್ತಿನ ಹಾಗೆ ನಡೆದೆವು. ನಿಂಬೆ ತುಳಿದಷ್ಟೂ ವಾಸನೆ ಏಳುತ್ತಿತ್ತು. ಇವರು ದೂರದಿಂದಲೇ ಮೂಗರಳಿಸಿ ಎಡಕ್ಕೆ ಹೊರಳುತ್ತಿದ್ದರು. ನೀರು ನಿಲ್ಲಬೇಕಿದ್ದ ದಿನ ಬೆಳಿಗ್ಗೆ ಗೋಡೆಯ ಮೇಲೆ ನಮ್ಮ ಗಂಟು ಹಸಿರಾಗಿತ್ತು. ಅತ್ತ ಊರಿನ ಉಳಿದ ಗಂಟುಗಳೆಲ್ಲ ಹಳದಿ.

ಹಂಚಿನಮನಿ ಸಾಹೇಬರು ಅದನ್ನು ನೋಡಿ ಕುರ್ಚಿಯಿಂದಲೇ ಎದ್ದರು. "ನೋಡ್ರಿ! ನಾ ಹೇಳಿರಲಿಲ್ಲಾ? ಮಂದಿ ಬದಲಾಗ್ತಾರ ಅಂತ?" ಅದನ್ನೇ ಮೇಲಿನವರಿಗೆ ಬರೆಯುತ್ತೇನೆಂದರು. ನಕ್ಷೆ ಬದಲಿಸುವ ಅಗತ್ಯವಿಲ್ಲ, ಪೂರ್ವದ ಬಡಾವಣೆಗಳಿಗೂ ಇದೇ ಮೂರುದಾರಿಯ ಜಾಲ.

"ಸರ್, ಮಂದಿ ಬದಲಾಗಿಲ್ರಿ. ಅದು ನಾನು, ನನ್ನ ಗಂಡ, ನಮ್ಮ ಅತ್ತಿ. ಮೂರ ಮಂದಿ ಹೋಗಿ ಬಂದು ತುಳ್ಯಾಕತ್ತೇವಿ."

ಸಾಹೇಬರು ನಕ್ಕರು. "ನೀವೂ ಮಂದಿನ ಅಲ್ಲೇನ್ರಿ ಮೇಡಂ?"

ಇಂಥವರ ಮುಂದೆ ಏನು ಮಾತಾಡುವುದು? ಒಂದು ಮಹಾನಗರದ ಯೋಜನೆ ನಮ್ಮ ಅತ್ತೆಯ ಮೊಣಕಾಲಿನ ಮೇಲೆ ನಿಂತಿದೆ ಎಂದು ಕೂಗಬೇಕೆನಿಸಿತು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ. ನಡೆಯುವ ಹೊತ್ತಾಗಿತ್ತು. ಒಂದು ವಾರ ತಪ್ಪಿದರೂ ನಮ್ಮ ಹಾದಿ ಹಳದಿಯಾಗುತ್ತದೆ.

ಮೂರುದಾರಿಯಲ್ಲಿ ಎದುರುಮನೆಯ ಕಾಶವ್ವ ಬಂದು ನಿಂತಿದ್ದಳು. ಮೊಮ್ಮಗನಿಗೆ ಜ್ವರವಂತೆ. ಮುಷ್ಟಿಯಲ್ಲಿ ನಿಂಬೆಹಣ್ಣು. ಅಲ್ಲಿ ಅಡ್ಡಾಡುತ್ತಿದ್ದ ಅತ್ತೆಯನ್ನು ಕಂಡು ಒಗೆಯಲೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಿದ್ದಳು.

"ಒಗೀ," ಎಂದರು ಅತ್ತೆ. "ಯಾರ ಬ್ಯಾಡ ಅಂದಾರ? ನಮ್ಮ ಹುಡುಗಗ ಆ ವಾಸನಿ ಬೇಕು. ಒಗೀ, ಆದ್ರ ಸುತ್ತ ಹಾಕಬ್ಯಾಡ. ತುಳದ ಹೋಗ."

"ಯವ್ವಾ! ಏನಂತೀಯ ಶಿವಗಂಗಾ! ತುಳದ್ರ ಹೊಳ್ಳಿ ಕೂಸಿಗೇ ಬಡದ್ರ?"

"ನಾ ದಿನಾ ತುಳ್ಯಾಕತ್ತೇನಿ. ನನ್ನ ಮಗ ದಿನಾ ತುಳೀತಾನ. ನಾವೇನ ಸತ್ತೇವೇನ?"

ಕಾಶವ್ವ ನಿಂಬೆಹಣ್ಣು ಒಗೆದಳು. ಚಪ್ಪಲಿ ಕಳಚಿ ಬಲಗಾಲು ಎತ್ತಿದಳು. ಕಾಲು ಮುಂದೂ ಬರಲಿಲ್ಲ, ಹಿಂದೂ ಹೋಗಲಿಲ್ಲ. ನನಗೆ ತಾಳ್ಮೆ ತಪ್ಪಿತ್ತು, ತಳ್ಳಿಬಿಡೋಣವೇ ಎನಿಸಿತು. ಅಷ್ಟರಲ್ಲಿ ಮನೆಯ ಕಡೆಯಿಂದ ಇವರು ಕೋಲು ಊರುತ್ತ ಬಂದರು. ಏನು ನಡೆದಿದೆಯೆಂದು ದನಿಗಳಿಂದಲೇ ತಿಳಿದು, ನಿಂತು, ಹಳೆಯ ಮೈಕಿನ ದನಿ ತೆಗೆದರು.

"ಪ್ರಯಾಣಿಕರ ಗಮನಕ್ಕೆ. ಬನ್ನಿಗಿಡದ ಪಾರ್ಕಿಗೆ ಹೋಗುವ ಗಾಡಿ ಹೊರಡಲು ಸಿದ್ಧವಾಗಿದೆ. ಕಾಶವ್ವನವರು ಕಾಲು ಕೆಳಗಿಟ್ಟರೆ ಬಿಡಲಾಗುವುದು."

ಕಾಶವ್ವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ಮುಚ್ಚಿ ನಿಂಬೆಹಣ್ಣಿನ ಮೇಲೆ ಕಾಲಿಟ್ಟಳು. ಇಟ್ಟವಳೇ ಕಾಲು ತೊಳೆಯಲು ನಲ್ಲಿಯ ಕಡೆ ಓಡಿದಳು.

ಒಂದು ಹೆಜ್ಜೆ. ನೀರಗಂಟಿ ಅದನ್ನು ಲೆಕ್ಕಕ್ಕೂ ಹಿಡಿಯುವುದಿಲ್ಲ.

"ತೊಳ್ಕೋ, ತೊಳ್ಕೋ," ಎಂದು ಅತ್ತೆ ಹಿಂದಿನಿಂದ ಕೂಗಿದರು. "ನಾಳೆ ಮತ್ತ ಬಾ."